ಸಭೆ ಆಮೇಲೆ ಕರೀರಿ, ಮೊದಲು ಇಂಚ್‌ಟೇಪ್ ಹಿಡೀರಿ

ಮಲ್ಲೇಶ್ವರದಲ್ಲಿ ಬ್ಲೌಸ್ ಹೊಲಿಯೋದು ನನ್ನ ಕೆಲಸ. ಅಂಗಡಿ ಬಾಗಿಲು ಬೀದಿಗೇ ತೆರೆಯೋದರಿಂದ ಎಲ್ಲಿ ಚರಂಡಿ ಕಟ್ಟಿದೆ, ಯಾವ ಚಪ್ಪಡಿ ಅಲ್ಲಾಡುತ್ತೆ, ಎಲ್ಲ ಕಿವಿಗೆ ಬೀಳುತ್ತೆ. ನಮ್ಮ ಬೀದಿ ಹೇಗಿರಬೇಕು ಅಂತ ನಾವೇ ಕೂತು ತೀರ್ಮಾನಿಸೋಣ ಅಂತ ಹೊರಟು ಮೊದಲ ಸಲ ಎಡವಿದವಳೂ ನಾನೇ. ಒಬ್ಬರ ಮನೆ ಹಾಲ್‌ನಲ್ಲಿ ಎಂಟು ಜನ ಸೇರಿದ್ವಿ, ಎಂಟೂ ಸ್ವಂತ ಮನೆಯವರೇ. ಕಾಫಿ ಕುಡಿದು, ಚಂದಾ ಎತ್ತಿ, ಹೊಂಗೆ ಮರದ ಕೆಳಗೆ ಕಲ್ಲುಬೆಂಚು ಹಾಕಿಸಿದ್ವಿ. ಮಾರನೇ ದಿನ ಹೂವಿನ ಅಕ್ಕ ಬುಟ್ಟಿ ಹಿಡಿದು ಬಂದು ನಿಂತ್ರು: "ಈಗ ನಾನೆಲ್ಲಿ ಕೂರ್ಲಿ, ನೀವೇ ಹೇಳಿ." ಎಷ್ಟೋ ವರ್ಷದಿಂದ ಅದು ಅವರ ಜಾಗ. ಎಂಟು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಅದಕ್ಕೇ ಮೊದಲು ಸಭೆ ಬೇಡ ಅನ್ನೋದು. ಜನ ಸಿಗೋ ಕಡೆ ನೀವೇ ಹೋಗಿ. ಪೌರಕಾರ್ಮಿಕರನ್ನು ಬೆಳಿಗ್ಗೆ ಮಾತಾಡಿಸಿ. ಮಳೆನೀರು ಎಲ್ಲಿ ನಿಲ್ಲುತ್ತೆ, ರಾತ್ರಿ ಕಸ ಯಾವ ಮೂಲೆಗೆ ಬೀಳುತ್ತೆ, ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಪಿಜಿ ಹುಡುಗರು ಸಿಗೋದು ರಾತ್ರಿ ಊಟದ ಹೊತ್ತಿಗೆ. ಬಾಡಿಗೆಯವರು "ನಾವು ಇವತ್ತೋ ನಾಳೆಯೋ ಖಾಲಿ ಮಾಡೋರು, ನಮ್ಮನ್ಯಾಕೆ ಕೇಳ್ತೀರಿ" ಅಂತಾರೆ, ಬಿಡಬೇಡಿ. "ಏರಿಯಾ ಹೇಗಿರಬೇಕು?" ಅಂತ ಕೇಳಿದರೆ "ಚೆನ್ನಾಗಿರಬೇಕು" ಅಂತಾರೆ, ಅಷ್ಟೇ. "ಮಗೂನ ಸ್ಕೂಲಿಗೆ ಬಿಡೋವಾಗ ಫುಟ್‌ಪಾತ್ ಬಿಟ್ಟು ಎಲ್ಲಿ ರಸ್ತೆಗಿಳೀತೀರಿ?" ಅಂತ ಕೇಳಿ, ಕೈ ಮಾಡಿ ತೋರಿಸ್ತಾರೆ.

ನಕ್ಷೆ ಬಿಡಿಸೋಕೆ ಕಂಪ್ಯೂಟರ್ ಬೇಡ, ರಂಗೋಲಿ ಪುಡಿ ಸಾಕು. 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆ ನಮ್ಮದು. ಹಿಂದಿನ ಕಾಲದಲ್ಲಿ ಕಕ್ಕಸು ಬಳಿಯುವವರು ಬರಲಿ ಅಂತ ಮನೆಗಳ ಹಿಂದೆ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು ಈಗಲೂ ಇವೆ. ಅಂಥ ಗಲ್ಲಿಯಲ್ಲೇ ಒಂದು ಸಂಜೆ ಇಡೀ ಬೀದಿ ಬರೆದ್ವಿ. ಎಡವೋ ಕಡೆ ಕೆಂಪು ಪುಡಿ, ಕತ್ತಲಿರೋ ಕಡೆ ಇದ್ದಿಲು, ಇಷ್ಟದ ಜಾಗಕ್ಕೆ ಹೂವು. ಯಾರ ಜೊತೆಗೂ ಹೆಚ್ಚು ಮಾತಾಡದ ಅಜ್ಜಿಯೊಬ್ಬರು ಮೊಣಕಾಲು ಹಿಡಿದುಕೊಂಡು ಬಗ್ಗಿ ತಮ್ಮ ಗೇಟಿನ ಮುಂದೆಯೇ ಇದ್ದಿಲಿಟ್ರು. ನೋಡಿದರೆ ದೀಪದ ಕಂಬವೇನೋ ಅಲ್ಲಿದೆ, ಕೊಂಬೆ ಅಡ್ಡ ಬೆಳೆದಿದೆ. ಸ್ಕೂಟರ್ ಹಾಯೋದರೊಳಗೆ ಮಹಡಿ ಮೇಲಿಂದ ಫೋಟೊ ತೆಗೆದಿಟ್ಟುಕೊಳ್ಳಿ. ನಾವು ಸ್ವಲ್ಪ ತಡ ಮಾಡಿ ಒಂದು ಮೂಲೆ ಕಳಕೊಂಡ್ವಿ.

ಹಾಂ, ಕಾವೇರಿ ನೀರು ಬಿಡೋ ದಿನ ಇದೆಲ್ಲ ಇಟ್ಟುಕೊಳ್ಳಬೇಡಿ. ಹೆಂಗಸರು ಯಾರೂ ಬರಲ್ಲ.

ಇನ್ನು ಅಳತೆ. ಫುಟ್‌ಪಾತ್‌ನಲ್ಲಿ ಅಡೆತಡೆ ಇಲ್ಲದೆ ನಡೆಯೋಕೆ ಕನಿಷ್ಠ 1.8 ಮೀಟರ್ ಅಗಲ ಇರಬೇಕು ಅನ್ನುತ್ತೆ ರಸ್ತೆಗಳ ಮಾನದಂಡ ಗೊತ್ತುಮಾಡೋ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅಂದರೆ ನನ್ನ 60 ಇಂಚಿನ ಟೇಪು ಪೂರ್ತಿ, ಅದರ ಮೇಲೆ ಇನ್ನೂ 11 ಇಂಚು. ಟ್ರಾನ್ಸ್‌ಫಾರ್ಮರ್ ಪಕ್ಕ ಆ ಟೇಪನ್ನು ಅರ್ಧವೂ ಬಿಚ್ಚೋಕಾಗಲಿಲ್ಲ. ಪಾಲಿಕೆಗೆ ಕೊಡೋ ಅರ್ಜಿಯಲ್ಲಿ "ನಡೆಯೋಕೆ ಆಗಲ್ಲ ಸಾರ್" ಅಂತ ಬರೆಯೋ ಬದಲು "28 ಇಂಚು" ಅಂತ ಬರೆದು, ಟೇಪು ಕಾಣೋ ಹಾಗೆ ಫೋಟೊ ಲಗತ್ತಿಸಿ.

ಜನಸಂಖ್ಯೆ 3 ಲಕ್ಷ ದಾಟಿದ ಊರಲ್ಲಿ ವಾರ್ಡಿನ ಕೆಲಸಗಳನ್ನ ಚರ್ಚಿಸೋಕೆ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿಯೇ ಹೇಳುತ್ತೆ. ಇಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿದು, ಚುನಾವಣೆ ಇಲ್ಲದೆ ವರ್ಷಗಳೇ ಹೋದವು. 2025ರಲ್ಲಿ ಇಡೀ ಬೆಂಗಳೂರಿಗೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಹಾಗಾಗಿ ನಿಮ್ಮ ಬೀದಿ ಈಗ ಯಾವ ಪಾಲಿಕೆ, ಯಾವ ವಾರ್ಡಿಗೆ ಬರುತ್ತೆ ನೋಡಿಕೊಂಡೇ ಅರ್ಜಿ ಬರೀರಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸದೆ ಹಿಂದಿರುಗಬೇಡಿ. ಕೆಲಸ ಮಂಜೂರಾಗಿದೆಯಂತೆ ಅನ್ನೋ ಸುದ್ದಿ ಬಂದರೆ 10 ರೂಪಾಯಿ ಕಟ್ಟಿ ಆರ್‌ಟಿಐನಲ್ಲಿ ಎಸ್ಟಿಮೇಟ್ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಇಂಜಿನಿಯರ್ ಬೀದಿ ನೋಡೋಕೆ ಬಂದಾಗ ಅಜ್ಜಿಯನ್ನೂ ಪೌರಕಾರ್ಮಿಕರನ್ನೂ ಮುಂದೆ ನಿಲ್ಲಿಸಿ, ನೀವು ಹಿಂದಿರಿ.

ಬೆಂಚನ್ನು ಎಂಟಡಿ ಆಚೆ ಸರಿಸೋಕೆ ಮತ್ತೆ ಚಂದಾ ಎತ್ತಬೇಕಾಯ್ತು. ಹೂವಿನ ಅಕ್ಕ ಬೇಡ ಅಂದ್ರೂ ಕೇಳದೆ 50 ರೂಪಾಯಿ ಕೊಟ್ರು. ಮೊದಲ ಎಂಟು ಜನರಲ್ಲಿ ಇಬ್ಬರದು ಇನ್ನೂ ಬರಬೇಕು.