ಕಿನ್ನಾಳದ ತವರದಲ್ಲಿ ಎದ್ದ ದೇವಯ್ಯನವರ ಮಿಸ್ಟೀರ್

ಬಣ್ಣ ಬಳಿಯದ, ಬರಿ ಲೋಹದ ಮೈಯ ಯುದ್ಧವಿಮಾನದ ಮಾಡೆಲ್ ಮಾಡಿದವರಿಗೆ ಅದರ ಕಷ್ಟ ಗೊತ್ತೇ ಇದೆ. ಹಸಿರು ಬಳಿದ ಹಂಟರ್ ವಿಮಾನ ಆದರೆ ಸಣ್ಣಪುಟ್ಟ ತಪ್ಪು ಮುಚ್ಚಿಹೋಗುತ್ತದೆ. ಇಲ್ಲಿ ಒಂದು ಗೀರು ಬಿದ್ದರೂ ಎದ್ದು ಕಾಣುತ್ತದೆ. ನಮ್ಮ ವಾಯುಪಡೆಯಲ್ಲಿದ್ದ ಫ್ರಾನ್ಸಿನ ಯುದ್ಧವಿಮಾನ ಮಿಸ್ಟೀರ್‌ನ ನನ್ನ ಮಾಡೆಲ್‌ಗೆ ಹದಿನಾಲ್ಕು ತಿಂಗಳು ಹಿಡಿಯಿತು. ಮುಗಿದ ಮೇಲೆ ಕೊಪ್ಪಳದ ಒಂದು ಮಳೆಗಾಲ, ಒಂದು ಬೇಸಿಗೆ ಕಳೆದಿದೆ. ಎಲ್ಲೂ ಬಿರುಕಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮಿಸ್ಟೀರ್ ಯಾಕೆ ಅಂದರೆ, ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಹಾರಿಸಿದ್ದು ಇದನ್ನೇ. ಪಂಜಾಬಿನ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ಹೊರಟ ತಂಡಕ್ಕೆ ಅವರು ಸ್ಟ್ಯಾಂಡ್‌ಬೈ ಪೈಲಟ್. ತಂಡದಿಂದ ಒಂದು ವಿಮಾನ ತಪ್ಪಿತು, ಇವರು ಸೇರಿಕೊಂಡರು. ಇವರ ಬೆನ್ನು ಹತ್ತಿದ್ದು ಪಾಕಿಸ್ತಾನದ ಸ್ಟಾರ್‌ಫೈಟರ್. ಅದರದ್ದು ಶಬ್ದದ ಎರಡು ಪಟ್ಟು ವೇಗ. ಮಿಸ್ಟೀರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟುವುದಿಲ್ಲ. ಪೆಟ್ಟು ತಿಂದ ಅದೇ ವಿಮಾನವನ್ನು ತಿರುಗಿಸಿ ಕಾದಾಡಿ ಸ್ಟಾರ್‌ಫೈಟರನ್ನು ಕೆಡವಿದರು. ಅದರ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ. ದೇವಯ್ಯ ಮರಳಿ ಬರಲಿಲ್ಲ. ಆಕಾಶದಲ್ಲಿ ಏನಾಯಿತು ಅಂತ ನಮ್ಮ ಕಡೆ ತಿಳಿಯಲಿಕ್ಕೇ ಎಷ್ಟೋ ವರ್ಷ ಬೇಕಾಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಅಂದರೆ 23 ವರ್ಷಕ್ಕೆ. ಇಂಥವರ ವಿಮಾನವನ್ನು ನಮ್ಮೂರ ಹುಡುಗರು ಹತ್ತಿರದಿಂದ ನೋಡಬೇಕು ಅನ್ನೋದು ನನ್ನ ಆಸೆ.

ಹತ್ತರಲ್ಲಿ ಒಂದು ಅಳತೆ ಇಟ್ಟುಕೊಂಡೆ. 11.12 ಮೀಟರ್ ರೆಕ್ಕೆ 111 ಸೆಂಟಿಮೀಟರ್ ಆಯಿತು, 12.85 ಮೀಟರ್ ಉದ್ದ 128ರ ಮೇಲೆ ಸ್ವಲ್ಪ. ತ್ರೀಡಿ ಪ್ರಿಂಟ್ ಮಾಡಿಸಲು ಕೇಳಿದರೆ 32 ಸಾವಿರದ ಹತ್ತಿರ ಹೇಳಿದರು. ಕೈಬಿಟ್ಟೆ. ಕೊಪ್ಪಳದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲೇ ಕಿನ್ನಾಳ ಇದೆ. ಹಗುರ ಕಟ್ಟಿಗೆಯಲ್ಲಿ ಆಳೆತ್ತರದ ದೇವರನ್ನೇ ಮಾಡುವ ಚಿತ್ರಗಾರರು ಅಲ್ಲಿದ್ದಾರೆ. ಆ ಪದ್ಧತಿಯಲ್ಲೇ ವಿಮಾನ ಮಾಡ್ತೀನಿ ಅಂದಾಗ ಬೆಂಗಳೂರಿನ ಮಾಡೆಲ್ ಗೆಳೆಯರು, ‘ಗೊಂಬೆ ಗೊಂಬೆ ಹಾಗೇ ಕಾಣ್ತದೆ, ದುಡ್ಡು ಸುಮ್ನೆ ಹಾಳು’ ಅಂದರು.

ಮೊದಲನೇ ವಿಮಾನ ಮೇ ತಿಂಗಳಲ್ಲಿ ಸೀಳಿತು. ಕಟ್ಟಿಗೆ ಪೂರ್ತಿ ಒಣಗಿರಲಿಲ್ಲ. ಎರಡನೆಯದಕ್ಕೆ ಒಳಗೆ ಥರ್ಮೋಕೋಲ್ ಇಟ್ಟು ಮೇಲೆ ಕಿಟ್ಟ ಬಳಿದೆ. ಸೆಣಬಿನ ಪುಡಿ, ಕಟ್ಟಿಗೆ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿದ ಆ ಕಿಟ್ಟ ಒಣಗುವಾಗ ಕುಗ್ಗುತ್ತದೆ. ಕುಗ್ಗಿ ಥರ್ಮೋಕೋಲನ್ನೇ ಬಗ್ಗಿಸಿತು, ಎಡ ರೆಕ್ಕೆ ಎರಡು ಬೆರಳು ಕೆಳಗೆ ಜೋತು ಬಿತ್ತು. ಎರಡೂ ಸೇರಿ ಐದು ಸಾವಿರ ಹೋಯಿತು. ಮೂರನೆಯದಕ್ಕೆ ನಾಲ್ಕು ತಿಂಗಳು ಅಟ್ಟದ ಮೇಲೆ ಒಣಗಿಸಿದ ಕಟ್ಟಿಗೆ ತಂದೆ. ಮೈಯನ್ನು ಎರಡು ಹೋಳು ಮಾಡಿ ಒಳಗೆ ಟೊಳ್ಳು ತೆಗೆದೆ. ಈ ರೆಕ್ಕೆ ತುದಿಯಿಂದ ಆ ರೆಕ್ಕೆ ತುದಿಗೆ, ಹಿಂದಕ್ಕೆ ಬಾಗಿದ ಕೋನಕ್ಕೆ ಸರಿಯಾಗಿ ಬಗ್ಗಿಸಿದ ಒಂದೇ ಅಲ್ಯೂಮಿನಿಯಂ ಪೈಪು ಹಾಯಿಸಿದೆ. ಆದರೂ ರೆಕ್ಕೆ ಮೈಗೆ ಸೇರುವ ಜಾಗದಲ್ಲಿ ಕೂದಲೆಳೆ ಬಿರುಕು.

ಅದನ್ನು ಹೊತ್ತುಕೊಂಡು ಕಿನ್ನಾಳದ ಒಬ್ಬ ಚಿತ್ರಗಾರ ಅಜ್ಜನ ಹತ್ತಿರ ಹೋದೆ. ಬೆರಳಿನಿಂದ ಬಿರುಕು ಸವರಿದರು. ‘ಅರಿವಿ ಯಾಕ ಹಚ್ಚಿಲ್ಲ ತಮ್ಮಾ?’ ಅಂದರು. ಕಿಟ್ಟದ ಮೇಲೆ ಹತ್ತಿ ಬಟ್ಟೆಯ ಸಣ್ಣ ತುಂಡು ಅಂಟಿಸೋದು ಅವರಲ್ಲಿ ವಾಡಿಕೆ. ಬಟ್ಟೆಯ ಎಳೆ ಮೇಲೆ ಕಾಣುತ್ತದೆ ಅಂತ ನಾನೇ ಬಿಟ್ಟಿದ್ದೆ. ಹಳೆ ಧೋತರ ಹರಿದು ಅಂಟಿಸಿದೆ, ಮೇಲೆ ಕಲ್ಲಿನ ಪುಡಿಯ ಲೇಪವನ್ನು ತೆಳ್ಳಗೆ ಏಳು ಸಲ ಕೊಟ್ಟೆ. ಒಂದೊಂದಕ್ಕೂ ನೆರಳಲ್ಲಿ ಎರಡು ದಿನ. ಬಿರುಕಿನ ಕಥೆ ಅಲ್ಲಿಗೆ ಮುಗಿಯಿತು.

ಮೂಗಿನ ಗಾಳಿ ಬಾಯಿಗೆ ತೆಳ್ಳನೆಯ ಅಂಚು ಬೇಕಿತ್ತು. ಕಟ್ಟಿಗೆಯಲ್ಲಿ ಅದು ಬರಲೇ ಇಲ್ಲ. ಹಳೆ ಅಲ್ಯೂಮಿನಿಯಂ ಚೊಂಬಿನ ಕಂಠ ಕೊಯ್ದು ಕೂರಿಸಿದೆ.

ಇನ್ನು ಹೊಳಪು. ಅಡುಗೆಮನೆಯ ಫಾಯಿಲ್ ನೇರ ಜಾಗದಲ್ಲಿ ಕೂತಿತು, ಹೊಟ್ಟೆಯ ಉಬ್ಬಿನಲ್ಲಿ ಸುಕ್ಕಾಯಿತು. ಕ್ರೋಮ್ ಸ್ಪ್ರೇ ನಾಲ್ಕು ಡಬ್ಬಿ ಖಾಲಿ ಮಾಡಿದೆ, ಒಂದಕ್ಕೆ 650 ರೂಪಾಯಿ. ಕನ್ನಡಿ ಹಾಗೆ ಹೊಳೆಯಿತು, ಮೇಲೆ ಬಣ್ಣ ಕಾಯುವ ಪಾರದರ್ಶಕ ಕ್ಲಿಯರ್ ಕೋಟ್ ಬಿದ್ದ ಕೂಡಲೇ ಬೂದಿ ಬಣ್ಣ. ಬಳ್ಳಾರಿಯ ಜೀನ್ಸ್ ತೊಳೆಯುವ ಕಡೆಯಿಂದ ಪ್ಯೂಮಿಸ್ ಕಲ್ಲು ತಂದು ಉಜ್ಜಿ ನೋಡಿದೆ, ಬರಿ ಗೀರು. ಅಲ್ಲಿಂದಲೇ ತಂದ ಜೀನ್ಸ್ ದಾರ ಮಾತ್ರ ಕಾಕ್‌ಪಿಟ್‌ನ ಸೀಟ್ ಬೆಲ್ಟಿಗೆ ಚೆನ್ನಾಗಿ ಹೊಂದಿತು.

ಕೊನೆಗೆ ಕೈ ಹಿಡಿದದ್ದು ಲಾಜವಾರ. ದೇವರ ಒಡವೆಗೆ ಮಿರುಗು ಕೊಡಲು ಕಿನ್ನಾಳದವರು ಹಚ್ಚುವ ತವರದ ಲೇಪ ಅದು. ತವರ ಕನ್ನಡಿ ಹಾಗೆ ಹೊಳೆಯುವುದಿಲ್ಲ. ಹಾರಿ ಹಳತಾದ ವಿಮಾನದ ಮೈಯ ಬೆಳಕು ಇದೆಯಲ್ಲ, ತಣ್ಣಗೆ, ಸ್ವಲ್ಪ ಮಂಕಾಗಿ, ಅದೇ ಬರುತ್ತದೆ. ಯಾವಾಗ ಉಜ್ಜಬೇಕು ಅನ್ನೋದರಲ್ಲೇ ಎಲ್ಲಾ ಇದೆ. ‘ಹಸಿ ಇದ್ದಾಗ ತಿಕ್ಕಬ್ಯಾಡ, ಪೂರ್ತಿ ಒಣಗಾಕೂ ಬಿಡಬ್ಯಾಡ’ ಅಂದರು ಅಜ್ಜ. ನುಣುಪು ಕಲ್ಲಿನಿಂದ ವಿಮಾನದ ಮೈಯ ಒಂದು ಪಟ್ಟಿಯನ್ನು ಉದ್ದಕ್ಕೆ ಉಜ್ಜಿದೆ, ಪಕ್ಕದ್ದನ್ನು ಅಡ್ಡಕ್ಕೆ. ಒಂದೇ ಲೇಪ, ಆದರೂ ಬೆಳಕು ಬಿದ್ದಾಗ ಬೇರೆ ಬೇರೆ ತಗಡು ಜೋಡಿಸಿದ ಹಾಗೆ ಕಾಣುತ್ತದೆ. ಇದು ನನ್ನದೇ ಉಪಾಯ, ಧಾರಾಳವಾಗಿ ಬಳಸಿಕೊಳ್ಳಿ. ಬಾಲದ ಹತ್ತಿರ ಎಂಜಿನ್ ಬೆಂಕಿಯಿಂದ ಕಪ್ಪಾದ ಹಾಗೆ ಕಾಣಲಿ ಅಂತ ಚಹಾ ಡಿಕಾಕ್ಷನ್ ಹಚ್ಚಿದೆ, ಅಳಿಸಿಹೋಯಿತು. ಆಮೇಲೆ ದೀಪದ ಮಸಿ ಅಂಟಿನಲ್ಲಿ ಕಲಸಿ ಬಟ್ಟೆಯಿಂದ ಒತ್ತಿದೆ, ನಿಂತಿತು. ವಾಯುಪಡೆಯ ಗುರುತಿನ ವೃತ್ತ ಬರೆಯುವಾಗ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಇದನ್ನು ಅದಲು ಬದಲು ಮಾಡಿದ ಮಾಡೆಲ್‌ಗಳನ್ನು ನೋಡಿದ್ದೇನೆ, ದಯವಿಟ್ಟು ಗಮನ ಕೊಡಿ.

ಒಟ್ಟು ಖರ್ಚು 14 ಸಾವಿರದ ಆಸುಪಾಸು, ಅರ್ಧಕ್ಕಿಂತ ಜಾಸ್ತಿ ಕೆಟ್ಟುಹೋದದ್ದಕ್ಕೇ. ಗಾಜಿನ ಪೆಟ್ಟಿಗೆಗೆ ಬೇರೆ 2,600. ತೂಕ ಆರು ಕಿಲೋ ಚಿಲ್ಲರೆ. ಗೊಂಬೆ ಹಾಗೆ ಕಾಣ್ತದೆ ಅಂದಿದ್ದ ಗೆಳೆಯರಲ್ಲಿ ಒಬ್ಬರು ಬಂದಿದ್ದರು. ಉಗುರಿನಿಂದ ರೆಕ್ಕೆ ತಟ್ಟಿ ನೋಡಿದರು. ಟಕ್ ಅಂತ ಕಟ್ಟಿಗೆಯ ಸದ್ದು ಬಂದ ಮೇಲೇ ಅವರು ನಂಬಿದ್ದು.

ಲಾಜವಾರದಲ್ಲಿ ತವರಕ್ಕೆ ಅಂಟು ಎಷ್ಟು, ಕೊನೆಯ ಕೈ ಯಾವುದರದ್ದು ಅಂತ ಫೋನ್ ಮಾಡಿ ಕೇಳುವವರು ಬಹಳ ಇದ್ದಾರೆ. ಅದು ಅಜ್ಜನ ಮನೆತನದ ವಿದ್ಯೆ, ನಾನು ಹೇಳುವುದಿಲ್ಲ. ಕಿನ್ನಾಳಕ್ಕೆ ಬನ್ನಿ, ಅವರ ಜಗುಲಿ ಮೇಲೆ ಕೂತು ಕೆಲಸ ಕೊಟ್ಟು ಮಾಡಿಸಿಕೊಳ್ಳಿ.