60 ಶಬ್ದದ ಭಾಷೆ ಕಟ್ಟಿದ್ದು, ಚಾಲಿ ತೋಯಿಸಿದ್ದು

ನಮ್ಮ ಮನೆಯಲ್ಲೇ ಇದ್ದು ಶಿರಸಿಯ ಶಾಲೆಗೆ ಹೋಗುವ ಅಕ್ಕನ ಮಗನಿಗೆ ಒಂದು ಗುಟ್ಟಿನ ಭಾಷೆ ಬೇಕಿತ್ತು. ಅಕ್ಷರಕ್ಕೊಂದು 'ಕ' ಸೇರಿಸಿ ಮಾತಾಡುವ ಕ-ಭಾಷೆ ಹೇಳಿಕೊಟ್ಟೆ. ಎರಡೇ ದಿನ. ಆಯಿ, ಅಂದರೆ ನನ್ನ ಅಮ್ಮ, ಅದರಲ್ಲೇ ಅವನನ್ನು ಬೈದಳು. ಅವಳೂ ಸಣ್ಣವಳಿದ್ದಾಗ ಅದನ್ನೇ ಆಡಿದ್ದಳಂತೆ.

ಟೋಕಿ ಪೋನಾ ಬಗ್ಗೆ ಓದಿದ್ದೆ. ಕೆನಡಾದ ಸೋನ್ಯಾ ಲ್ಯಾಂಗ್ ತಾವೇ ಕಟ್ಟಿ 2001ರಲ್ಲಿ ಹೊರತಂದ ಭಾಷೆ. 14 ಅಕ್ಷರ, ಸುಮಾರು 120 ಶಬ್ದ. ಕಾರಿಗೆ ಅದರಲ್ಲಿ ಬೇರೆ ಹೆಸರಿಲ್ಲ, 'ತೋಮೊ ತಾವಾ' ಅಂದರಾಯಿತು, ಓಡಾಡುವ ಮನೆ. ಅದನ್ನು ಕಲಿಯುವ ಬದಲು ನಮ್ಮದೇ ಒಂದು ಕಟ್ಟೋಣ, 60 ಶಬ್ದ, ಮೇಲೆ ಒಂದೂ ಬೇಡ ಎಂದು ಮಾವ-ಅಳಿಯ ಕರಾರು ಮಾಡಿಕೊಂಡೆವು.

ಧ್ವನಿ ಆರಿಸುವುದು ಸುಲಭವಾಯಿತು. ಪ, ತ, ಕ, ಮ, ನ, ಲ, ಸ, ವ. ಸ್ವರ ಅ, ಇ, ಉ. ದೀರ್ಘ ಇಲ್ಲ, ಒತ್ತಕ್ಷರ ಇಲ್ಲ. ಶಬ್ದ ಸ್ವರದಲ್ಲೇ ಮುಗಿಯಬೇಕು. 'ಬಸ್' ಬಂದರೂ 'ಬಸ್ಸು' ಮಾಡಿಕೊಳ್ಳುವ ನಾಲಿಗೆಗೆ ಅದೇನು ಕಷ್ಟ? 24 ಅಕ್ಷರ, ಎರಡೆರಡು ಜೋಡಿಸಿದರೆ 576 ಶಬ್ದ. ಬೇಕಾದದ್ದು 60.

ಆದರೆ ನಾನು ಲೆಕ್ಕ ಮಾಡಿದ್ದು ಕಾಗದದ ಮೇಲೆ. ಆಷಾಢದಲ್ಲಿ ಕೊಟ್ಟಿಗೆಯ ತಗಡಿನ ಮೇಲೆ ಮಳೆ ಹೊಡೆಯುವಾಗ 'ಮಿಲಿ' (ಮೇಲೆ) ಮತ್ತು 'ನಿಲಿ' (ನೀರು) ಒಂದೇ ಥರ ಕೇಳಿಸಿದವು. ಮ-ನ ಮಾತ್ರ ಬೇರೆಯಾದ ಎರಡು ಶಬ್ದ ಇಡಬಾರದು ಎಂಬ ನಿಯಮ ಹುಟ್ಟಿದ್ದು ಹಾಗೆ. ಕಾರವಾರದಲ್ಲಿ ಕೆಲಸಕ್ಕಿದ್ದಾಗ ಕಿವಿಗೆ ಬಿದ್ದ ಕೊಂಕಣಿಯ 'ಉದಕ'ವನ್ನು ಮೊಟಕು ಮಾಡಿ ನೀರಿಗೆ 'ತಕ' ಅಂದೆವು.

ನಿಜವಾಗಿ ತಲೆ ತಿಂದದ್ದು ಜೋಡಣೆ. 'ದೊಡ್ಡ ಮನೆ ನಾಯಿ' ಅಂದರೆ ದೊಡ್ಡದು ಮನೆಯೋ, ನಾಯಿಯೋ? ಶಬ್ದ ಕಡಿಮೆಯಾದಷ್ಟೂ ಇಂಥ ಸಾಲುಗಳೇ ಹೆಚ್ಚು. ಟೋಕಿ ಪೋನಾದಲ್ಲಿ ಇದಕ್ಕೆಂದೇ 'ಪಿ' ಇದೆ. ನಾವು 'ತಿ' ಇಟ್ಟೆವು: ಅದರ ಹಿಂದಿನದೆಲ್ಲ ಒಂದು ಗಂಟು. 'ದೊಡ್ಡ ಮನೆ ತಿ ನಾಯಿ' ಅಂದರೆ ದೊಡ್ಡ ಮನೆಯವರ ನಾಯಿ. 'ತಿ' ಇಲ್ಲದಿದ್ದರೆ ನಾಯಿಯೇ ದೊಡ್ಡದು. ಈ ಒಂದಕ್ಷರಕ್ಕೆ ಒಂದು ವಾರ ಹೋಯಿತು, ನನಗೆ ಈಗಲೂ ಹೆಮ್ಮೆ ಅದರ ಮೇಲೇ.

ಅಷ್ಟರಲ್ಲಿ ಗುಟ್ಟು ಉಳಿದಿರಲಿಲ್ಲ, ಆಯಿಯೂ ಅರ್ಧ ಕಲಿತಿದ್ದಳು. ಅಡಿಕೆಗೆ 'ಕಲಿ' ಅಂದಿದ್ದೆ, ಕಾಯಿ ಎಂಬರ್ಥದಲ್ಲಿ.

"ಚಾಲಿಗೂ ರಾಶಿಗೂ ಒಂದೇ ಹೆಸ್ರಾದ್ರೆ ದರ ಹ್ಯಾಂಗೆ ಕೇಳ್ತೆ?" ಅಂದಳು.

ಹಣ್ಣಡಿಕೆ ಒಣಗಿಸಿ ಸುಲಿದದ್ದು ಚಾಲಿ, ಹಸಿಯದನ್ನು ಸುಲಿದು ಬೇಯಿಸಿ ಒಣಗಿಸಿದ್ದು ರಾಶಿ. ಬಿಸಿಲ ಕಾಯಿ, ಬೆಂಕಿ ಕಾಯಿ ಅಂತ ಜೋಡಿಸಿ ಕೊಟ್ಟೆ. "ಅಡ್ಡಿಲ್ಲೆ. ಬೆಟ್ಟೆ? ಕೆಂಪುಗೋಟು? ಕೋಕಾ?" ಅಡಿಕೆಯ ಬಗೆ ಒಂದೆರಡಲ್ಲ, ಸುಮ್ಮನಾದೆ. ಸಂಖ್ಯೆಯೂ ಒಂದು, ಎರಡು, ತುಂಬ, ಇಷ್ಟೇ ಇತ್ತು. ಕ್ವಿಂಟಲ್ ದರ ಹೇಳಲು ಕನ್ನಡಕ್ಕೇ ಬರಬೇಕಾಯಿತು. ಇದು ಪೇಟೆಗೆ ಹೋಗುವ ಭಾಷೆಯಲ್ಲ ಎಂದು ಅಲ್ಲಿಗೆ ಬಿಟ್ಟೆವು.

ಮಳೆಗೆ ಮಾತ್ರ ಬೇರೆ ಶಬ್ದ ಬೇಡ ಎಂಬ ಹಟ ನನ್ನದು. 'ಮಿಲಿ ತಕ', ಮೇಲಿನ ನೀರು, ಸಾಲದೇ? ಡಿಸೆಂಬರಿನ ಒಂದು ಮಧ್ಯಾಹ್ನ ಅಂಗಳದ ತುಂಬ ಚಾಲಿ ಒಣಹಾಕಿತ್ತು. ಅಕಾಲದಲ್ಲಿ ಮೋಡ ಕವಿಯಿತು. ಹುಡುಗ ಗೇಟಿನಿಂದಲೇ "ಮಿಲಿ ತಕ, ಮಿಲಿ ತಕ!" ಎಂದು ಕೂಗಿದ. ಮೇಲಿನ ಟಾಕಿ ತುಂಬಿ ನೀರು ಸೋರುತ್ತಿದೆ ಎಂದುಕೊಂಡ ಆಯಿ ಹಿತ್ತಲಿಗೆ ಓಡಿ ಪಂಪು ಬಂದ್ ಮಾಡಿ ಬಂದಳು. ಅಷ್ಟರಲ್ಲಿ ಅಡಿಕೆಯೆಲ್ಲ ತೋಯ್ದಿತ್ತು.

ಆ ರಾತ್ರಿಯೇ ಮಳೆಗೆ 'ಪವು' ಬಂತು, ಕೊಂಕಣಿಯ ಪಾವಸಿನಿಂದ. ಕರಾರಿನ ಪ್ರಕಾರ ಒಂದನ್ನು ತೆಗೆಯಬೇಕಲ್ಲ; ಹುಡುಗ ಪಟ್ಟಿ ಹಿಡಿದು ಕೂತು 'ಹಸಿರು' ಹೊಡೆದುಹಾಕಿದ. ಇಲ್ಲಿ ಎಲ್ಲವೂ ಅದೇ ಬಣ್ಣ, ಹೇಳುವುದೇನಿದೆ ಅಂದ.