ಚೆಸ್ಟ್ ಫ್ರೀಜರ್‌ಗೆ ಬಿಯರಿನ ನಲ್ಲಿ ಕೂರಿಸುವುದು ಹೇಗೆ?

ಹಿಡಿ ಎಳೆದ ತಕ್ಷಣ ಗ್ಲಾಸಿಗೆ ತಣ್ಣನೆಯ ಬಿಯರ್ ಇಳಿಯಬೇಕು, ಮೇಲೆ ಎರಡು ಬೆರಳಿನಷ್ಟು ನೊರೆ ನಿಲ್ಲಬೇಕು. ಮನೆಯಲ್ಲೇ ಡ್ರಾಫ್ಟ್ ಬಿಯರ್ ವ್ಯವಸ್ಥೆ ಮಾಡಿಕೊಳ್ಳುವವರ ಆಸೆ ಇಷ್ಟೇ. ಆದರೆ ಮೊದಲ ದಿನ ಎಷ್ಟೋ ಜನರಿಗೆ ಸಿಗುವುದು ಮುಕ್ಕಾಲು ಗ್ಲಾಸ್ ನೊರೆ. ನಲ್ಲಿ ಸರಿಯಿಲ್ಲ ಅಂದುಕೊಂಡು ಅದನ್ನೇ ಬದಲಾಯಿಸುತ್ತಾರೆ. ತಪ್ಪು ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ತಂಪು, ಬಿಯರನ್ನು ನಲ್ಲಿಗೆ ತಳ್ಳುವ ಗ್ಯಾಸಿನ ಒತ್ತಡ, ಪೈಪಿನ ಉದ್ದ, ಈ ಮೂರೂ ಒಂದಕ್ಕೊಂದು ಹೊಂದದಿದ್ದರೆ ಎಂಥಾ ದುಬಾರಿ ನಲ್ಲಿಯೂ ನೊರೆಯನ್ನೇ ಕಾರುತ್ತದೆ. ಮರಗೆಲಸದಿಂದ ಹಿಡಿದು ಫ್ಯಾನ್ ಕೂರಿಸುವವರೆಗೆ ಇಲ್ಲಿ ಮಾಡುವ ಎಲ್ಲ ಕೆಲಸವೂ ಈ ಮೂರನ್ನು ಹೊಂದಿಸುವುದಕ್ಕಾಗಿಯೇ.

ಬಿಯರ್ ತುಂಬಿಡುವ ಡಬ್ಬಿಗೆ ಕೆಗ್ ಅನ್ನುತ್ತಾರೆ. ಕೆಗ್ ಮತ್ತು ಫ್ರೀಜರ್ ಎರಡೂ ಸೇರಿದ್ದರಿಂದ ಈ ವ್ಯವಸ್ಥೆಗೆ 'ಕೀಜರ್' ಅಂತ ಹೆಸರು ಬಂದಿದೆ. ನಿಲ್ಲುವ ಫ್ರಿಜ್ ಬಿಟ್ಟು ಚೆಸ್ಟ್ ಫ್ರೀಜರ್ ಯಾಕೆ? ತಣ್ಣನೆಯ ಗಾಳಿ ಭಾರ. ಮುಂದಿನ ಬಾಗಿಲು ತೆರೆದರೆ ಅದು ಕಾಲಬುಡಕ್ಕೆ ಸುರಿದುಹೋಗುತ್ತದೆ. ಮೇಲಿನ ಮುಚ್ಚಳ ಎತ್ತಿದರೆ ಬಾವಿಯ ನೀರಿನ ಹಾಗೆ ಒಳಗೇ ಉಳಿಯುತ್ತದೆ. ಗೋಡೆಯೂ ದಪ್ಪ, ಕೆಗ್‌ಗಳಿಗೆ ಜಾಗವೂ ಜಾಸ್ತಿ.

ಮೊದಲು ಅಳತೆ, ಆಮೇಲೆ ಫ್ರೀಜರ್

ಮನೆಯಲ್ಲಿ ಬಿಯರ್ ಮಾಡುವವರು ಹೆಚ್ಚಾಗಿ ಬಳಸುವುದು 19 ಲೀಟರಿನ ಕಾರ್ನಿ ಕೆಗ್. ಹಿಂದೆ ತಂಪು ಪಾನೀಯದ ಸಿರಪ್ ಸಾಗಿಸುತ್ತಿದ್ದ ಸ್ಟೀಲ್ ಡಬ್ಬಿ ಇದು. ಸುಮಾರು 9 ಇಂಚು ಅಗಲ, 25 ಇಂಚು ಎತ್ತರ. ರಟ್ಟಿನಲ್ಲಿ 9 ಇಂಚಿನ ವೃತ್ತಗಳನ್ನು ಕತ್ತರಿಸಿಕೊಳ್ಳಿ. ಫ್ರೀಜರ್ ನೋಡಲು ಹೋಗುವಾಗ ಅವನ್ನು ಜೊತೆಗೇ ಒಯ್ದು ತಳದಲ್ಲಿ ಹರಡಿ ನೋಡಿ. ಲೀಟರ್ ಲೆಕ್ಕ ನಂಬಿ ಕೊಂಡರೆ ಮೋಸ ಹೋಗುತ್ತೀರಿ. ಒಳಗೆ ಒಂದು ಬದಿಗೆ ಕಂಪ್ರೆಸರ್ ಮೇಲಿನ ದಿಣ್ಣೆ ಇರುತ್ತದೆ. ಅದರ ಮೇಲೆ ಕೆಗ್ ನಿಲ್ಲಿಸಿದರೆ ಮುಚ್ಚಳ ಮುಚ್ಚಲು ಬರುವುದು ಅಪರೂಪ.

ಹಳೆಯ ಫ್ರೀಜರ್ ಆದರೂ ಆಗುತ್ತದೆ. ಬಾಗಿಲ ರಬ್ಬರ್ ಹರಿದಿರಬಾರದು, ತಳದಲ್ಲಿ ತುಕ್ಕು ಹಿಡಿದಿರಬಾರದು. ಸಾಗಿಸುವಾಗ ಮಲಗಿಸಿದ್ದರೆ ನೆಟ್ಟಗೆ ನಿಲ್ಲಿಸಿ, ಕೆಲವು ಗಂಟೆ ಬಿಟ್ಟು ಆಮೇಲೆ ಕರೆಂಟ್ ಕೊಡಿ.

ಗೋಡೆಗೆ ಡ್ರಿಲ್ ಹಾಕಬೇಡಿ

ಇದೊಂದು ಮಾತು ಮಾತ್ರ ಮರೆಯಬೇಡಿ. ಚೆಸ್ಟ್ ಫ್ರೀಜರ್‌ನಲ್ಲಿ ತಂಪು ಮಾಡುವ ಗ್ಯಾಸಿನ ಕೊಳವೆಗಳು ಗೋಡೆಯ ಒಳಗೇ ಸುತ್ತಿಕೊಂಡು ಹೋಗುತ್ತವೆ. ಹೊರಗಿನಿಂದ ಕಾಣುವುದಿಲ್ಲ. ಒಂದು ಸಣ್ಣ ತೂತು ಬಿದ್ದರೂ ಫ್ರೀಜರ್ ಕೈಬಿಟ್ಟ ಹಾಗೆಯೇ. ಹೊಸ ಫ್ರೀಜರ್‌ಗಳಲ್ಲಿ ಬಹಳಷ್ಟಕ್ಕೆ ತುಂಬುವುದು ಆರ್-600ಎ ಎಂಬ ಗ್ಯಾಸ್. ಅದು ಬೆಂಕಿ ಹಿಡಿಯುವಂಥದ್ದು.

ಹಾಗಾದರೆ ನಲ್ಲಿ ಎಲ್ಲಿ ಕೂರಿಸುವುದು? ಫ್ರೀಜರ್‌ಗೂ ಮುಚ್ಚಳಕ್ಕೂ ನಡುವೆ ಒಂದು ಮರದ ಚೌಕಟ್ಟು ಕೂರಿಸಿ, ತೂತೆಲ್ಲ ಅದಕ್ಕೇ ಕೊರೆಯುವುದು. ಇದನ್ನು ಕಾಲರ್ ಅನ್ನುತ್ತಾರೆ. ಇದರಿಂದ ಒಳಗಿನ ಎತ್ತರವೂ ಏಳೆಂಟು ಇಂಚು ಹೆಚ್ಚುತ್ತದೆ.

ಕಾಲರ್ ಮಾಡುವ ಕೆಲಸ

ಒಂದೂವರೆ ಇಂಚು ದಪ್ಪ, ಏಳೆಂಟು ಇಂಚು ಅಗಲದ ಹಲಗೆ ಬೇಕು. ನಾಲ್ಕೂ ನೇರವಾಗಿರಬೇಕು, ತಿರುಚಿಕೊಂಡ ಹಲಗೆ ಬೇಡವೇ ಬೇಡ. ಫ್ರೀಜರ್ ಬಾಯಿಯ ಹೊರ ಅಂಚಿನ ಅಳತೆ ತೆಗೆದುಕೊಂಡು ನಾಲ್ಕು ತುಂಡು ಕತ್ತರಿಸಿ. ಮೂಲೆಗಳಿಗೆ ಮರದ ಗೋಂದು ಹಚ್ಚಿ ಸ್ಕ್ರೂ ಹಾಕಿ. ಗೋಂದು ಒಣಗುವ ಮೊದಲೇ ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿದು ಅಳೆಯಿರಿ, ಇನ್ನೊಂದು ಜೋಡಿಯನ್ನೂ ಅಳೆಯಿರಿ. ಎರಡೂ ಅಳತೆ ಸಮ ಬಂದರೆ ಚೌಕಟ್ಟು ನೇರವಾಗಿದೆ ಅಂತ ಅರ್ಥ.

ಮೇಲಿನ ಅಂಚಿನ ಮೇಲೆ ಸಮಯ ಕೊಡಿ. ಮುಚ್ಚಳದ ರಬ್ಬರ್ ಕೂರುವುದು ಅಲ್ಲೇ. ಅಂಗೈ ಇಟ್ಟು ನಿಧಾನವಾಗಿ ಸವರಿಕೊಂಡು ಹೋಗಿ. ಮೂಲೆಯಲ್ಲಿ ಎರಡು ಹಲಗೆ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಏರು ಇದ್ದರೂ ಬೆರಳಿಗೆ ತಟ್ಟುತ್ತದೆ. ಅಲ್ಲಿ ಕೀಸುಳಿ ಆಡಿಸಿ, ಆಮೇಲೆ ಉಪ್ಪುಕಾಗದದಿಂದ ಉಜ್ಜಿ. ಆ ಏರಿನ ಪಕ್ಕದ ಸಂದಿಯಿಂದ ಹೊರಗಿನ ಬಿಸಿ ಗಾಳಿ ಒಳಗೆ ನುಗ್ಗಿದರೆ ದಿನವಿಡೀ ಕಂಪ್ರೆಸರ್ ಓಡುತ್ತದೆ, ತಳದಲ್ಲಿ ನೀರು ನಿಲ್ಲುತ್ತದೆ.

ನಲ್ಲಿಯ ತೂತುಗಳನ್ನು ಕಾಲರ್ ಕೂರಿಸುವ ಮೊದಲೇ ಕೊರೆದುಕೊಳ್ಳಿ. ಒಂದಿಂಚಿನ ಹೋಲ್ ಸಾ (ದುಂಡು ತೂತು ಕೊರೆಯುವ ಗರಗಸ) ಸಾಕು. ತೂತಿನಿಂದ ತೂತಿಗೆ ನಾಲ್ಕು ಇಂಚು ಬಿಡಿ, ಇಲ್ಲದಿದ್ದರೆ ಹಿಡಿಗಳು ಒಂದಕ್ಕೊಂದು ತಾಗುತ್ತವೆ. ಮುಂದಿನಿಂದ ಕೊರೆಯುತ್ತಾ ಹೋಗಿ, ನಡುವಿನ ಮೊನೆ ಹಿಂದೆ ಇಣುಕಿದ ಕೂಡಲೇ ನಿಲ್ಲಿಸಿ. ಉಳಿದದ್ದನ್ನು ಹಿಂದಿನಿಂದ ಕೊರೆಯಿರಿ. ಮರ ಸೀಳುವುದಿಲ್ಲ.

ಆಮೇಲೆ ಒಳಗೂ ಹೊರಗೂ ಎರಡು ಮೂರು ಕೋಟ್ ವಾರ್ನಿಶ್. ವಾಸನೆ ಪೂರ್ತಿ ಹೋಗುವವರೆಗೆ ಕಾಯಿರಿ. ಒಣಗಿದ ಮೇಲೆ ಕಾಲರ್‌ನ ಒಳಮೈಗೆ ಒಂದಿಂಚಿನ ಗಟ್ಟಿ ಫೋಮ್ ಶೀಟ್ ಅಂಟಿಸಿ, ಸಂದುಗಳಿಗೆ ಸಿಲಿಕೋನ್ ತುಂಬಿ. ಫ್ರೀಜರ್ ಬಾಯಿಗೂ ಕಾಲರ್‌ಗೂ ನಡುವೆಯೂ ಸಿಲಿಕೋನ್ ಒಂದು ಗೆರೆ ಎಳೆದು ಕೂರಿಸಿ. ಒಂದು ದಿನ ಭಾರ ಇಟ್ಟು ಬಿಡಿ.

ಕಾಲರ್ ಕೂರಿಸುವ ಮೊದಲು ಮುಚ್ಚಳ ಬಿಚ್ಚಬೇಕು, ಆಗ ಜೋಪಾನ. ಕೆಲವು ಹಿಂಜಿನೊಳಗೆ ಬಲವಾದ ಸ್ಪ್ರಿಂಗ್ ಇರುತ್ತದೆ. ಮುಚ್ಚಳ ಮುಚ್ಚಿದ್ದಾಗ ಅದು ಒತ್ತಿಕೊಂಡಿರುತ್ತದೆ. ಆಗ ಸ್ಕ್ರೂ ಬಿಚ್ಚಿದರೆ ಸಿಡಿದು ಕೈಗೆ ಬಡಿಯಬಹುದು. ಮುಚ್ಚಳ ಪೂರ್ತಿ ತೆರೆದಿಟ್ಟು, ಒಬ್ಬರು ಹಿಡಿದುಕೊಂಡಿರುವಾಗಲೇ ಬಿಚ್ಚಿ. ಅದೇ ಹಿಂಜನ್ನು ಕಾಲರ್‌ನ ಹಿಂಬದಿಗೆ ಹಾಕಿದರೆ ಆಯಿತು. ಕಾಲರನ್ನೇ ಮುಚ್ಚಳಕ್ಕೆ ಸೇರಿಸಿ, ಎರಡೂ ಒಟ್ಟಿಗೆ ಏಳುವಂತೆ ಮಾಡುವವರೂ ಇದ್ದಾರೆ. ತುಂಬಿದ ಕೆಗ್ 23 ಕಿಲೋ ಮೇಲೆ ತೂಗುತ್ತದೆ. ಅದನ್ನು ಎತ್ತಿ ಇಳಿಸುವ ಎತ್ತರ ಆಗ ಕಡಿಮೆ. ಬೆನ್ನುನೋವು ಇರುವವರಿಗೆ ಅದೇ ಸರಿ. ಉಳಿದವರಿಗೆ ಕಾಲರ್ ಅಲುಗಾಡದೆ ಫ್ರೀಜರ್ ಮೇಲೇ ಕೂತಿರುವುದು ಒಳ್ಳೆಯದು ಅನ್ನುವುದು ನನ್ನ ಅನುಭವ. ಪೈಪ್‌ಗಳು ಎಳೆದಾಡುವುದಿಲ್ಲ.

ತಂಪು: ಹೆಪ್ಪುಗಟ್ಟಬಾರದು

ಫ್ರೀಜರ್ ತನ್ನ ಪಾಡಿಗೆ ತಾನು ಓಡಿದರೆ ಮೈನಸ್ 18 ಡಿಗ್ರಿಗೆ ಹೋಗುತ್ತದೆ. ಸಾಮಾನ್ಯ ಬಿಯರ್ ಮೈನಸ್ 2 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗಲು ಶುರು. ನಮಗೆ ಬೇಕಾದ್ದು 3ರಿಂದ 4 ಡಿಗ್ರಿ ಸೆಲ್ಸಿಯಸ್. ಅದಕ್ಕೆ ಹೊರಗಿನಿಂದ ಸಿಕ್ಕಿಸುವ ಟೆಂಪರೇಚರ್ ಕಂಟ್ರೋಲರ್ ಸಿಗುತ್ತದೆ. ಗೋಡೆಯ ಸಾಕೆಟ್‌ಗೆ ಅದು, ಅದಕ್ಕೆ ಫ್ರೀಜರ್. ವೈರಿಂಗ್ ಬಿಚ್ಚುವ ಗೋಜೇ ಇಲ್ಲ. ಒಳಗೆ ತೇವ ಇರುವ ಯಂತ್ರ ಇದು, ಹಾಗಾಗಿ ಅರ್ಥಿಂಗ್ ಸರಿಯಾಗಿರುವ ಸಾಕೆಟ್ ಮಾತ್ರ ಬಳಸಿ.

ಕಂಟ್ರೋಲರ್‌ನ ಸೆನ್ಸರ್ ವೈರನ್ನು ಒಳಗೆ ಸುಮ್ನೆ ನೇತುಬಿಡಬೇಡಿ. ಗಾಳಿ ಬೇಗ ತಣ್ಣಗಾಗುತ್ತದೆ, ಬೇಗ ಬೆಚ್ಚಗಾಗುತ್ತದೆ. ಕಂಪ್ರೆಸರ್ ಪದೇ ಪದೇ ಆನ್ ಆಫ್ ಆಗಿ ಸವೆಯುತ್ತದೆ. ಸೆನ್ಸರನ್ನು ಕೆಗ್‌ನ ನಡುಮೈಗೆ ಒತ್ತಿ, ಮೇಲೊಂದು ಫೋಮ್ ತುಂಡಿಟ್ಟು ಟೇಪ್ ಸುತ್ತಿ. ಆಗ ಅದು ಗಾಳಿಯನ್ನಲ್ಲ, ಬಿಯರನ್ನು ಅಳೆಯುತ್ತದೆ. ಕಂಟ್ರೋಲರ್‌ನಲ್ಲಿ ಆನ್ ಆಫ್ ನಡುವೆ ಒಂದು ಡಿಗ್ರಿ ಅಂತರ, ಐದು ನಿಮಿಷದ ಕಂಪ್ರೆಸರ್ ಬಿಡುವು ಇಟ್ಟರೆ ಸಾಕು. ಫ್ರೀಜರ್‌ನ ಸ್ವಂತ ಗುಂಡಿಯನ್ನು ಅತಿ ತಂಪಿಗೆ ತಿರುಗಿಸಿಡಿ, ಅದು ನಡುವೆ ಬಾಯಿ ಹಾಕುವುದಿಲ್ಲ.

ಇಷ್ಟು ಮಾಡಿದರೂ ತಳ ತಣ್ಣಗೆ, ನಲ್ಲಿ ಇರುವ ಕಾಲರ್ ಭಾಗ ಬೆಚ್ಚಗೆ. ಭಾರದ ಗಾಳಿ ಕೆಳಗೇ ಕೂರುತ್ತದಲ್ವಾ? ಕಂಪ್ಯೂಟರಿನಲ್ಲಿ ಇರುವಂಥ 12 ವೋಲ್ಟಿನ ಸಣ್ಣ ಫ್ಯಾನ್ ಒಂದನ್ನು ತಳದಲ್ಲಿ ಮೇಲ್ಮುಖವಾಗಿ ಇಟ್ಟರೆ ಒಳಗೆಲ್ಲ ಒಂದೇ ಸಮ ತಂಪು. ಸಣ್ಣ ವಸ್ತು ಅಂತ ಕಡೆಗಣಿಸಬೇಡಿ. ಮೊದಲ ಗ್ಲಾಸಿನ ನೊರೆ ಅರ್ಧ ಕಡಿಮೆಯಾಗುವುದು ಇದರಿಂದಲೇ. ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಡಬ್ಬಿ ಒಂದಿಡಿ, ಬೂಸ್ಟು ಹಿಡಿಯುವುದಿಲ್ಲ.

ಗ್ಯಾಸ್

ಕಾರ್ಬನ್ ಡೈಆಕ್ಸೈಡ್ ಸಿಲಿಂಡರನ್ನು ಯಾವಾಗಲೂ ನಿಲ್ಲಿಸಿಯೇ ಇಡಬೇಕು. ಮಲಗಿಸಿದರೆ ದ್ರವವೇ ರೆಗ್ಯುಲೇಟರ್‌ಗೆ ನುಗ್ಗುತ್ತದೆ. ಸಾಮಾನ್ಯ ಕೋಣೆಯ ಬಿಸಿಗೆ ಒಳಗಿನ ಒತ್ತಡ ಸುಮಾರು 800 ಪಿಎಸ್‌ಐ (ಇದು ಒತ್ತಡದ ಅಳತೆ). ರೆಗ್ಯುಲೇಟರ್ ಅದನ್ನು 12ಕ್ಕೆ ಇಳಿಸಿ ಕೊಡುತ್ತದೆ. ಸಿಲಿಂಡರ್ ಕಡೆಯ ಮುಳ್ಳು ನೋಡಿ ಎಷ್ಟು ಗ್ಯಾಸ್ ಉಳಿದಿದೆ ಅಂತ ಲೆಕ್ಕ ಹಾಕಲು ಆಗುವುದಿಲ್ಲ. ಒಳಗೆ ದ್ರವ ಇರುವವರೆಗೂ ಮುಳ್ಳು ಅಲ್ಲೇ ನಿಂತಿರುತ್ತದೆ. ಸಿಲಿಂಡರ್ ಫ್ರೀಜರ್ ಒಳಗಿದ್ದರೆ ತಂಪಿಗೆ 550ರ ಆಸುಪಾಸು ತೋರಿಸುತ್ತದೆ, ಗಾಬರಿ ಬೇಡ. ಉಳಿದದ್ದು ತಿಳಿಯಲು ತೂಕ ಮಾಡುವುದೊಂದೇ ದಾರಿ.

ನಾನು ಸಿಲಿಂಡರನ್ನು ಹೊರಗಿಡುತ್ತೇನೆ. ಈ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಫ್ರೀಜರ್ ತಳದಲ್ಲೇ ತುಂಬಿಕೊಳ್ಳುತ್ತದೆ. ಅದು ತಿಳಿಯದೆ ಯಾರಾದರೂ ತಲೆ ಬಗ್ಗಿಸಿದರೆ ಉಸಿರು ಕಟ್ಟುತ್ತದೆ. ಹೊರಗಿಟ್ಟರೂ ಗಾಳಿಯಾಡುವ ಜಾಗದಲ್ಲೇ ಇಡಿ, ಬೀಳದ ಹಾಗೆ ಪಟ್ಟಿ ಕಟ್ಟಿ. ಕಾಲರ್‌ಗೆ ಇನ್ನೊಂದು ಸಣ್ಣ ತೂತು ಕೊರೆದು ಗ್ಯಾಸ್ ಪೈಪ್ ಒಳಗೆ ತನ್ನಿ. ಒಂದಕ್ಕಿಂತ ಜಾಸ್ತಿ ಕೆಗ್ ಇದ್ದರೆ ಒಂದು ಪೈಪಿನ ಗ್ಯಾಸನ್ನು ಹಲವು ಕವಲಿಗೆ ಹಂಚುವ ಮ್ಯಾನಿಫೋಲ್ಡ್ ಒಳಗೆ ಹಾಕಿ. ಅದರ ಪ್ರತಿ ಕವಲಿಗೂ ಹಿಮ್ಮುಖ ಹರಿವು ತಡೆಯುವ ವಾಲ್ವ್ ಇರಲಿ.

ಈಗ ಸೋರಿಕೆ ಪರೀಕ್ಷೆ. ನನ್ನ ಮೊದಲ ಸಿಲಿಂಡರ್ ಎರಡೇ ದಿನಕ್ಕೆ ಖಾಲಿಯಾಗಿತ್ತು. ಎಲ್ಲ ಕ್ಲಿಪ್ ಬಿಗಿಯಾಗಿದ್ದವು, ಕಿವಿಗೆ ಸದ್ದೂ ಇರಲಿಲ್ಲ. ಸೋಪಿನ ನೀರಿನಲ್ಲಿ ಬ್ರಶ್ ಅದ್ದಿ ಒಂದೊಂದೇ ಕೂಡು ಜಾಗಕ್ಕೆ ಹಚ್ಚುತ್ತಾ ಬಂದೆ. ಸಿಲಿಂಡರಿಗೂ ರೆಗ್ಯುಲೇಟರಿಗೂ ನಡುವಿನ ನಟ್ ಹತ್ತಿರ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ನೋಡುತ್ತಿದ್ದಂತೆ ಬಟಾಣಿಯಷ್ಟಾಯಿತು, ಒಡೆಯಿತು, ಮತ್ತೆ ಎದ್ದಿತು. ಬಿಚ್ಚಿ ನೋಡಿದರೆ ನೈಲಾನ್ ವಾಷರ್ ಸೊಟ್ಟಗೆ ಕೂತಿತ್ತು. ಅಂದಿನಿಂದ ಸಿಲಿಂಡರ್ ಬದಲಿಸಿದಾಗಲೆಲ್ಲ ಹೊಸ ವಾಷರ್ ಹಾಕುತ್ತೇನೆ, ಪ್ರತಿ ಜಾಗಕ್ಕೂ ಅರ್ಧ ನಿಮಿಷ ಕಾಯುತ್ತೇನೆ.

ಕೆಗ್ ತುಂಬುವುದು

ಹಳೆಯ ಕೆಗ್ ಆದರೆ ಐದೂ ರಬ್ಬರ್ ರಿಂಗ್ ಬದಲಿಸಿ. ಮುಚ್ಚಳಕ್ಕೆ ದೊಡ್ಡದು ಒಂದು, ಪೈಪಿನ ಕನೆಕ್ಟರ್ ಸಿಕ್ಕಿಸುವ ಎರಡು ಪೋಸ್ಟ್‌ಗೆ ಎರಡು, ಒಳಗಿನ ಕೊಳವೆಗಳಿಗೆ ಎರಡು. ಹಳೆಯ ಸಿರಪ್ಪಿನ ವಾಸನೆ ಹೀರಿಕೊಂಡ ರಬ್ಬರನ್ನು ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ಕೆಗ್ ತೊಳೆದು, ಸ್ಯಾನಿಟೈಸ್ ಮಾಡಿ, ಬಿಯರನ್ನು ಪೈಪಿನಿಂದ ತಳಕ್ಕೇ ನಿಧಾನವಾಗಿ ಇಳಿಸಿ. ಮೇಲಿನಿಂದ ಸುರಿದರೆ ಗಾಳಿ ಸೇರಿ, ಕೆಲವು ದಿನದಲ್ಲಿ ನೆನೆದ ರಟ್ಟಿನ ವಾಸನೆ ಬರುತ್ತದೆ. ಮುಚ್ಚಳ ಹಾಕಿ 30 ಪಿಎಸ್‌ಐ ಗ್ಯಾಸ್ ಬಿಡಿ, ರಬ್ಬರ್ ಗಟ್ಟಿಯಾಗಿ ಕೂರುತ್ತದೆ. ಮುಚ್ಚಳದ ರಿಲೀಫ್ ವಾಲ್ವ್ (ಒತ್ತಡ ಬಿಡುವ ವಾಲ್ವ್) ಎಳೆದು ಒಳಗಿನ ಗಾಳಿ ಹೊರಗೆ ಬಿಡಿ. ನಾಲ್ಕೈದು ಸಲ ಹೀಗೆ ಮಾಡಿ. ಬೂದು ಬಣ್ಣದ ಕನೆಕ್ಟರ್ ಗ್ಯಾಸಿಗೆ, ಕಪ್ಪು ಬಿಯರಿಗೆ. ಅದಲು ಬದಲಾದರೆ ಸಿಕ್ಕಿಕೊಂಡು ಬಿಡುತ್ತದೆ.

ಆಮೇಲೆ 4 ಡಿಗ್ರಿಯಲ್ಲಿ 12 ಪಿಎಸ್‌ಐಗೆ ಇಟ್ಟು ಹತ್ತು ಹನ್ನೆರಡು ದಿನ ಸುಮ್ಮನಿರಿ. ಒಂದು ಲೀಟರ್ ಬಿಯರಿಗೆ ಸುಮಾರು ಎರಡೂವರೆ ಲೀಟರ್ ಗ್ಯಾಸ್ ಕರಗಿಕೊಳ್ಳುತ್ತದೆ. ಅವಸರ ಇದ್ದವರು 30 ಪಿಎಸ್‌ಐಯಲ್ಲಿ ಒಂದೂವರೆ ದಿನ ಇಟ್ಟು ಇಳಿಸುತ್ತಾರೆ. ಗ್ಯಾಸ್ ಒಮ್ಮೆ ಜಾಸ್ತಿಯಾದರೆ ತೆಗೆಯುವುದು ದೊಡ್ಡ ತಲೆನೋವು. ನಿಧಾನದ ದಾರಿಯೇ ಒಳ್ಳೆಯದು.

ಪೈಪಿನ ಉದ್ದ

ಕೆಗ್‌ನಲ್ಲಿ 12 ಪಿಎಸ್‌ಐ ಇದೆ. ನಲ್ಲಿಯ ಬಾಯಿಗೆ ಬರುವಷ್ಟರಲ್ಲಿ ಅದು ಹೆಚ್ಚು ಕಡಿಮೆ ಇಳಿದುಹೋಗಿರಬೇಕು. ಇಳಿಸುವುದು ಪೈಪಿನ ಒಳಮೈಯ ಉಜ್ಜಾಟ. ಒಳಗಿನ ಅಗಲ 4.8 ಮಿಲಿಮೀಟರ್ ಇರುವ ಪೈಪ್ ಆದರೆ 10 ಅಡಿ ಹಾಕಿ. ನಾಲ್ಕೈದು ಅಡಿ ಹಾಕಿದರೆ ಬಿಯರ್ ಚಿಮ್ಮುತ್ತದೆ, ಕರಗಿದ ಗ್ಯಾಸೆಲ್ಲ ಒಮ್ಮೆಗೇ ಹೊರಗೆ ಬರುತ್ತದೆ. ಉದ್ದ ಜಾಸ್ತಿಯಾದರೆ ಕತ್ತರಿಸಬಹುದು, ಕತ್ತರಿಸಿದ್ದನ್ನು ಸೇರಿಸಲು ಆಗುವುದಿಲ್ಲ. ಪೈಪನ್ನು ಸುರುಳಿ ಮಾಡಿ ತಣ್ಣನೆಯ ಕೆಗ್ ತಲೆ ಮೇಲೇ ಇಡಿ.

ನೊರೆ ಬಂತು ಅಂತ ಒತ್ತಡ ಇಳಿಸುವುದು ಎಲ್ಲರೂ ಮಾಡುವ ತಪ್ಪು. ಒತ್ತಡ ಇಳಿದರೆ ಗ್ಯಾಸ್ ಪೈಪಿನೊಳಗೇ ಬಿಯರ್ ಬಿಟ್ಟು ಹೊರಬಂದು ಗುಳ್ಳೆ ಕಟ್ಟುತ್ತದೆ. ಇವತ್ತು ನೊರೆ ಇನ್ನೂ ಹೆಚ್ಚುತ್ತದೆ, ವಾರದಲ್ಲಿ ಬಿಯರ್ ಸಪ್ಪೆಯಾಗುತ್ತದೆ.

ಎರಡು ವಾರಕ್ಕೊಮ್ಮೆ ಪೈಪಿಗೆ ಕ್ಲೀನರ್ ಹರಿಸಿ, ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ನಲ್ಲಿಯನ್ನು ಬಿಚ್ಚಿ ಬ್ರಶ್ ಹಾಕಿ. ಹಿಡಿಯನ್ನು ಯಾವಾಗಲೂ ಒಂದೇ ಸಲ ಪೂರ್ತಿ ಎಳೆಯಿರಿ, ಗ್ಲಾಸ್ ಓರೆ ಹಿಡಿಯಿರಿ. ಅರ್ಧ ತೆರೆದ ನಲ್ಲಿಯಿಂದ ಬರುವುದು ನೊರೆಯೇ.

ಇಷ್ಟೆಲ್ಲ ಆದ ಮೇಲೂ ನೊರೆ ಬಂದರೆ ಹೀಗೆ ನೋಡಿ. ಒಂದು ಗ್ಲಾಸ್ ಹಿಡಿಯಿರಿ, ತಕ್ಷಣ ಇನ್ನೊಂದು ಹಿಡಿಯಿರಿ. ಎರಡನೆಯದು ಚೆನ್ನಾಗಿದ್ದರೆ ನಲ್ಲಿಯ ಬಳಿ ಬೆಚ್ಚಗಿದೆ, ಫ್ಯಾನನ್ನು ಅತ್ತ ತಿರುಗಿಸಿ. ಎರಡೂ ನೊರೆಯಾಗಿದ್ದರೆ ಗ್ಲಾಸಿನ ಬಿಯರಿಗೆ ಥರ್ಮಾಮೀಟರ್ ಅದ್ದಿ. ಐದಾರು ಡಿಗ್ರಿ ದಾಟಿದ್ದರೆ ತಂಪು ಸಾಲದು. ತಂಪು ಸರಿಯಿದ್ದರೆ ಪೈಪನ್ನು ಬೆಳಕಿಗೆ ಹಿಡಿದು ನೋಡಿ. ಕೆಗ್ ಹತ್ತಿರವೇ ಗುಳ್ಳೆ ಓಡುತ್ತಿದ್ದರೆ ಕೊಳವೆಯ ರಬ್ಬರ್ ರಿಂಗ್ ಸೋರುತ್ತಿದೆ, ಬದಲಿಸಿ. ಅಲ್ಲೂ ಗುಳ್ಳೆ ಇಲ್ಲವಾದರೆ ಉಳಿದದ್ದು ಪೈಪಿನ ಉದ್ದ. ಇನ್ನೂ ಮೂರಡಿ ಉದ್ದದ ಹೊಸ ಪೈಪ್ ಹಾಕಿ ನೋಡಿ.